ಬರಿಗೈಯಲ್ಲಿ ನಡೆದ ಹಿಂಗಾರಿ

ಹೋದ ವಾರ ಮುಂಡರಗಿಯಿಂದ ಗದಗಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಡಂಬಳ ದಾಟುತ್ತಿದ್ದಂತೆ ಕಿಟಕಿಯಿಂದ ಸೀತನಿಯ ವಾಸನೆ ಒಳಗೆ ಬಂತು. ಹಾಲುಗಾಳಿನ ಜೋಳದ ತೆನೆಯನ್ನು ಬೆರಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿದರೆ ಅದೇ ಸೀತನಿ. ಎದ್ದು ಹೋಗಿ, ಮುಂದಿನ ಕ್ರಾಸಿನಲ್ಲಿ ನಿಲ್ಲಿಸಿ ಎಂದೆ. ಇಲ್ಲಿ ಯಾರ ಮನೆಗೆ ಎಂದು ಕಂಡಕ್ಟರ್ ಕೇಳಿದ. ಯಾರ ಮನೆಗೂ ಇಲ್ಲ ಎಂದೆ. ಅವನು ನನ್ನ ಕೈಗಳನ್ನು ನೋಡಿದ. ಚೀಲವಿಲ್ಲ, ಬುಟ್ಟಿಯಿಲ್ಲ, ಕಂಕುಳಲ್ಲಿ ಕೂಸಿಲ್ಲ. ಇಂಥ ಹೆಂಗಸು ನಡುದಾರಿಯಲ್ಲಿ ಇಳಿದರೆ ಏನೋ ಎಡವಟ್ಟಿದೆ ಎಂದು ಅವನ ಮುಖವೇ ಹೇಳುತ್ತಿತ್ತು. ನಾನು ಇಳಿದೆ.

ರಸ್ತೆ ಪಕ್ಕದ ಹೊಲದಲ್ಲಿ ಮುದುಕರೊಬ್ಬರು ತೆನೆ ಸುಡುತ್ತಿದ್ದರು. ಬದುವಿನ ಮೇಲೆ ನಡೆದು ಬರುವ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಫ್ಯಾನ್ ಕಂಪನಿಯಾಕಿ ಏನವ್ವಾ ನೀ?" ಎಂದರು. ನಾನು ನಗಲು ಶುರು ಮಾಡಿದವಳು ನಿಲ್ಲಿಸಲಾಗದೆ ಬದುವಿನ ಮೇಲೆ ಕುಳಿತುಬಿಟ್ಟೆ. ಪಾಪ, ಅವರು ಗಾಬರಿಯಾಗಿ ಒಂದು ಬೊಗಸೆ ಸೀತನಿ ಕೊಟ್ಟರು, ಮೇಲೆ ಗುರೆಳ್ಳಿನ ಚಟ್ನಿಪುಡಿ ಉದುರಿಸಿದರು. ತಿನ್ನುತ್ತಾ ಕುಳಿತಾಗ ಕೆಲವು ವರ್ಷಗಳ ಹಿಂದಿನ ಒಂದು ಹಿಂಗಾರಿ ಇಡಿಯಾಗಿ ನೆನಪಾಯಿತು.

ಆಗ ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸದಲ್ಲಿದ್ದೆ, ಈಗಲೂ ಇದ್ದೇನೆ. ಹೆಚ್ಚಾಗಿ ಲಗ್ನಪತ್ರಿಕೆಗಳು. ಗಂಡ ಬಸವರಾಜ ಬೆಟಗೇರಿಯಲ್ಲಿ ಮಗ್ಗ ನಡೆಸುತ್ತಾರೆ. ಮನೆಯಲ್ಲಿ ಅತ್ತೆ, ನಾದಿನಿ ಸುಮಾ, ನಾವಿಬ್ಬರು. ಆ ಮುಂಗಾರಿನಲ್ಲಿ ಒಂದು ದಿನ ಕಂಪ್ಯೂಟರಿನ ಮುಂದೆ ಯಾರದೋ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. 'ಆಶೀರ್ವದಿಸಬೇಕೆಂದು' ಎಂಬ ಪದದ ನಡುವೆ ಕೈ ನಿಂತಿತು. ಮುಂದಿನ ಅಕ್ಷರ ಯಾವುದು ಎಂದು ಗೊತ್ತಿತ್ತು, ಅದನ್ನು ಒತ್ತಲು ಬೆರಳಿಗೆ ಮನಸ್ಸಿರಲಿಲ್ಲ. ಸಂಜೆವರೆಗೆ ಹಾಗೇ ಕುಳಿತಿದ್ದೆ. ಮರುದಿನ ಹಾಸಿಗೆಯಿಂದ ಏಳಲಿಲ್ಲ. ಆಮೇಲೆ ಮಳೆ ಬಂತು, ಮಳೆ ಹೋಯಿತು, ಹೊಲಗಳಲ್ಲಿ ಹೆಸರುಕಾಳಿನ ಬೆಳೆ ಕಿತ್ತರು, ನಾನು ಗೋಡೆ ಕಡೆ ಮುಖ ಮಾಡಿ ಮಲಗಿಯೇ ಇದ್ದೆ. ಬೆಳಗಾಗುವುದೇ ಬೇಡ ಅನಿಸುತ್ತಿತ್ತು.

ಎಲ್ಲರಿಗೂ ಒಂದು ಕಾರಣ ಬೇಕಾಗಿತ್ತು. ಗಂಡ ಹೊಡೆಯುತ್ತಾನೇನು ಎಂದು ತವರಿನವರು ಕೇಳಿದರು. ಮಕ್ಕಳಾಗಿಲ್ಲವಲ್ಲ, ಅದೇ ಎಂದು ಓಣಿಯವರು ತೀರ್ಮಾನಿಸಿದರು. ಗಾಳಿ ಸೋಕಿದೆ ಎಂದು ಅತ್ತೆ ಕೊರಳಿಗೆ ತಾಯಿತ ಕಟ್ಟಿಸಿದರು. ಗಂಡ ಹೊಡೆಯುವವರಲ್ಲ, ಮಕ್ಕಳಿಲ್ಲದಿರುವುದು ನನಗೆ ಅಂಥ ದುಃಖವೂ ಆಗಿರಲಿಲ್ಲ. ಕಾಮಾಲೆಯಾದವರನ್ನು ಯಾರಾದರೂ ನಿನಗೇನು ಕಡಿಮೆಯಾಗಿತ್ತು ಎಂದು ಕೇಳುತ್ತಾರೆಯೇ? ನನ್ನನ್ನು ಮಾತ್ರ ದಿನಾ ಕೇಳುತ್ತಿದ್ದರು. ಕೊನೆಗೆ ಬಸವರಾಜರೇ ಒಂದು ಮುಂಜಾನೆ ಯಾರಿಗೂ ಹೇಳದೆ ನನ್ನನ್ನು ಗಾಡಿ ಮೇಲೆ ಕೂರಿಸಿಕೊಂಡು ಮನೋವೈದ್ಯರ ಹತ್ತಿರ ಕರೆದೊಯ್ದರು. ಅವರು ಗುಳಿಗೆ ಬರೆದರು, ಜೊತೆಗೆ ಅನಸೂಯಾ ಮೇಡಂ ಹತ್ತಿರ ಮಾತಾಡಲು ಹೋಗಬೇಕೆಂದರು.

ಅನಸೂಯಾ ಮೇಡಂ ಮುಳಗುಂದದ ಹೆಣ್ಣುಮಗಳು. ಐವತ್ತು ದಾಟಿದವರು, ಕೆಂಪು ಸ್ಕೂಟರ್, ಗಟ್ಟಿ ಗಂಟಲು. ಆಪ್ತಸಮಾಲೋಚನೆ ಎಂದು ಅವರ ಬಾಗಿಲ ಮೇಲೆ ಬರೆದಿತ್ತು. ಆ ಮಹಡಿಯ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಕಿಟಕಿ. ಮೊದಲ ಕೆಲವು ವಾರ ನಾನು ಬಾಯಿ ಬಿಡಲಿಲ್ಲ. ಮೇಡಂ ಕೂಡ ಒತ್ತಾಯಿಸಲಿಲ್ಲ. ನಾನು ಕಿಟಕಿಯ ಆಚೆ ನೋಡುತ್ತಾ ಕೂರುವುದನ್ನು ಅವರು ನೋಡಿದ್ದರು. ಗುರುವಾರ ಹೊರಗೆ ಹೋಗೋಣ, ಅಲ್ಲೇ ಕೂತು ಎದ್ದು ಮಾತಾಡೋಣ, ಆದರೆ ಒಂದೇ ಒಂದು ಷರತ್ತು ಎಂದರು. ಬರಿಗೈಯಲ್ಲಿ ಬರಬೇಕು. ಬರುವಾಗ ಏನೂ ತರಬಾರದು, ಹೋಗುವಾಗ ಏನೂ ಒಯ್ಯಬಾರದು.

ಇದೆಂಥ ಷರತ್ತು, ಹುಡುಗಾಟ ಅನಿಸಿತು. ಅಸುಂಡಿ ಕಡೆ ಹೊಲದ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ನಡೆಯಲು ಶುರು ಮಾಡಿದಾಗ ಗೊತ್ತಾಯಿತು, ನನ್ನ ಕೈಗಳನ್ನು ಎಲ್ಲಿಡಬೇಕೆಂದು ನನಗೆ ಗೊತ್ತಿರಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ನಾನು ಸುಮ್ಮನೆ ನಡೆದೇ ಇರಲಿಲ್ಲ. ನೀರಿಗೆ ನಡೆದಿದ್ದೆ, ಸಂತೆಗೆ ನಡೆದಿದ್ದೆ, ಬುತ್ತಿ ಹೊತ್ತು ನಡೆದಿದ್ದೆ. ನಮ್ಮ ಕಡೆ ಹೆಣ್ಣುಮಗಳು ರಸ್ತೆಯಲ್ಲಿ ಕಂಡರೆ ತಲೆಯ ಮೇಲೋ ಸೊಂಟದ ಮೇಲೋ ಏನಾದರೂ ಇರಲೇಬೇಕು. ಆ ದಿನ ನನಗೆ ಅರಿವಿಲ್ಲದೆ ಬದುವಿನ ರಾಜಗಿರಿ ಸೊಪ್ಪು ಕಿತ್ತು ಸೆರಗಿಗೆ ಹಾಕಿಕೊಂಡಿದ್ದೆ. ಮೇಡಂ ನಕ್ಕು, ಬಿಡಿ ಎಂದರು. ಬಿಟ್ಟೆ. ಸ್ವಲ್ಪ ಮುಂದೆ ಹೋಗಿ ಒಣಗಿದ ಹತ್ತಿಕಟ್ಟಿಗೆ ಎತ್ತಿಕೊಂಡೆ. ಅದನ್ನೂ ಬಿಡಿಸಿದರು.

"ಹೊರೂದು ಇದ್ದೇ ಐತ್ರಿ ನೀಲಮ್ಮ," ಎಂದರು. "ಇದೊಂದು ತಾಸು ಕೈ ಖಾಲಿ ಇರಲಿ. ಏನ ಬರತೈತಿ ನೋಡೂಣು."

ಅಳು ಬಂತು. ಕರಿಮಣ್ಣಿನ ಎರೆಹೊಲದ ನಡುವೆ ನಿಂತು, ಯಾವ ಕಾರಣವನ್ನೂ ಯಾರಿಗೂ ಕೊಡದೆ ಅತ್ತುಬಿಟ್ಟೆ. ಆಮೇಲಿನ ಗುರುವಾರಗಳಲ್ಲಿ ಮಾತು ಬಂತು. ಎದುರುಬದುರು ಕೂತಾಗ ಬಾರದ ಮಾತು ಪಕ್ಕಪಕ್ಕ ನಡೆಯುವಾಗ ಬರುತ್ತದೆ. ಬೆಳಗಾಗುವುದೇ ಬೇಡ ಅನಿಸುತ್ತಿದ್ದ ಮಾತನ್ನೂ ಕಳಸಾಪುರದ ಹಾದಿಯಲ್ಲಿ ಹೇಳಿದೆ. ಮೇಡಂ ನಡಿಗೆ ನಿಲ್ಲಿಸದೆ ಕೇಳಿಸಿಕೊಂಡರು, ಬಿಡಿಸಿ ಬಿಡಿಸಿ ಪ್ರಶ್ನೆ ಕೇಳಿದರು, ಆ ವಾರವೇ ವೈದ್ಯರಿಗೆ ತಿಳಿಸಿ ನನ್ನ ಗುಳಿಗೆ ಬದಲಿಸುವಂತೆ ನೋಡಿಕೊಂಡರು. ಒಂದು ಜೀವ ಉಳಿಸುವುದೆಂದರೆ ಹೀಗೆ ಸದ್ದಿಲ್ಲದ ಕೆಲಸ. ಬಿತ್ತನೆ ಮುಗಿದು ಜೋಳ ಮೊಳಕಾಲೆತ್ತರ ಬರುವಷ್ಟರಲ್ಲಿ ನಾನು ಪ್ರೆಸ್ಸಿಗೆ ಮತ್ತೆ ಹೋಗತೊಡಗಿದ್ದೆ.

ಇತ್ತ ಹೊಲಗಳಲ್ಲಿ ಬೇರೆಯದೇ ಕಥೆ ಹುಟ್ಟಿತ್ತು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಾಗಿನಿಂದ ನಮ್ಮ ಜನ ಅವನ್ನು ಫ್ಯಾನ್ ಎನ್ನುತ್ತಾರೆ. ಹೊಲದಲ್ಲಿ ಫ್ಯಾನ್ ನಿಂತರೆ ಕಂಪನಿಯ ದುಡ್ಡು ಬಂದು ಆ ಮನೆಯ ದೆಸೆ ತಿರುಗಿತು ಎಂದು ಲೆಕ್ಕ. ಇಬ್ಬರು ಹೆಂಗಸರು ಕೈಯಲ್ಲಿ ಕುಡುಗೋಲಿಲ್ಲ, ತಲೆಯಲ್ಲಿ ಬುಟ್ಟಿಯಿಲ್ಲ, ವಾರವಾರ ಬಂದು ಗುಡ್ಡದ ಕಡೆ ಕೈ ಮಾಡಿ ಮಾತಾಡುತ್ತಾರೆ ಎಂದರೆ ಮತ್ತೇನಿದ್ದೀತು? ಫ್ಯಾನ್ ಕಂಪನಿಯ ಸರ್ವೆಯವರೇ ಸೈ. ಒಬ್ಬರು ಚಹಾ ತಂದರು, ಇನ್ನೊಬ್ಬರು ತಮ್ಮ ದಿಬ್ಬಕ್ಕೆ ಬೀಸುವ ಗಾಳಿಯನ್ನು ಮಗನನ್ನು ಹೊಗಳಿದ ಹಾಗೆ ಹೊಗಳಿದರು. ಅಲ್ಲ ಎಂದಷ್ಟೂ ಅವರಿಗೆ ನಂಬಿಕೆ ಗಟ್ಟಿಯಾಗುತ್ತಿತ್ತು. ಕಂಪನಿಯ ಗುಟ್ಟು ನೀವು ಹೇಳುವುದಿಲ್ಲ ಬಿಡಿ ಎಂದು ಕಣ್ಣು ಹೊಡೆಯುತ್ತಿದ್ದರು. ಹೆಣ್ಣುಮಕ್ಕಳು ತಮ್ಮ ಮನಸ್ಸಿಗಾಗಿ ನಡೆಯುತ್ತಾರೆ ಎಂಬುದಕ್ಕಿಂತ ಗುಡ್ಡದ ಮೇಲೆ ಉಕ್ಕಿನ ಫ್ಯಾನ್ ಬರುತ್ತದೆ ಎಂದು ನಂಬುವುದು ಅವರಿಗೆ ಸುಲಭವಾಗಿತ್ತು.

ಸುದ್ದಿ ಕಳಸಾಪುರದ ನೆಂಟರ ಬಾಯಿಂದ ಬೆಟಗೇರಿಗೆ ಬಂತು. ಅತ್ತೆ ಸಿಟ್ಟಾಗಬಹುದು ಎಂದುಕೊಂಡಿದ್ದೆ. ಅವರ ಮುಖ ಅರಳಿತು. ಹುಚ್ಚರ ಡಾಕ್ಟರ ಹತ್ತಿರ ಸೊಸೆ ಹೋಗುತ್ತಾಳೆ ಎಂಬ ಮಾತು ಓಣಿಯಲ್ಲಿ ಹಬ್ಬಿದರೆ ಸುಮಾಳ ಗತಿಯೇನು ಎಂದು ಅವರು ನಿದ್ದೆಗೆಟ್ಟಿದ್ದರು. ದೇವರೇ ಸುಳ್ಳನ್ನು ಸಿದ್ಧಮಾಡಿ ಮನೆ ಬಾಗಿಲಿಗೆ ಕಳಿಸಿದಂತಾಯಿತು. ಸೊಸೆಗೆ ಫ್ಯಾನ್ ಕಂಪನಿಯಲ್ಲಿ ಸರ್ವೆ ಕೆಲಸ ಸಿಕ್ಕಿದೆ ಎಂದು ನಾಲ್ಕು ಮನೆಗೆ ತಾವೇ ಹೋಗಿ ಹೇಳಿ ಬಂದರು. ಮುಂದಿನ ಗುರುವಾರ ಹೊರಡುವಾಗ ಒಂದು ಕರಿ ಬ್ಯಾಗು ತಂದು ನನ್ನ ಕೈಗಿಟ್ಟರು. ಉಬ್ಬಿ ಕಾಣಲೆಂದು ಒಳಗೆ ಹಳೆ ಪೇಪರು ತುರುಕಿದ್ದರು.

"ಹೋಗು, ಬ್ಯಾಡ ಅನ್ನೂದಿಲ್ಲ," ಎಂದರು. "ಆದರ ಕೈಯಾಗ ಇದು ಇರಲಿ. ನೋಡಿದವ್ರು ನಂಬಬೇಕಲ್ಲ."

ತೆಗೆದುಕೊಂಡೆ. ಆಗ ನನ್ನಲ್ಲಿ ಜಗಳಕ್ಕೆ ಬೇಕಾದ ಕಸುವಿರಲಿಲ್ಲ. ಅಲ್ಲದೆ ಅತ್ತೆ ಕೆಟ್ಟವರೇನಲ್ಲ. ಹಾಸಿಗೆ ಹಿಡಿದಿದ್ದಾಗ ನನ್ನ ತಲೆಗೆ ಎಣ್ಣೆ ಹಚ್ಚಿ ಎರೆದವರು ಅವರೇ. ಮಗಳ ಮದುವೆಯಾಗುವವರೆಗೆ ಒಂದು ಸುಳ್ಳು, ಅಷ್ಟೇ ತಾನೆ ಎಂಬುದು ಅವರ ವಾದ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ನಮ್ಮ ಮನೆಯಲ್ಲಿ ಒಬ್ಬರ ಹುಚ್ಚಿಗೆ ಇನ್ನೊಬ್ಬರ ಮದುವೆಯನ್ನು ಕಟ್ಟಿಹಾಕಿತ್ತು. ಅಸುಂಡಿಯ ಹಾದಿಯಲ್ಲಿ ಆ ಬ್ಯಾಗು ಭುಜಕ್ಕೆ ಬಡಿಯುತ್ತಿದ್ದರೆ ಮೇಡಂಗೆ ಏನೂ ಹೇಳಲಾಗಲಿಲ್ಲ. ಅವರು ಬ್ಯಾಗು ನೋಡಿದರು, ಮುಂದೆ ನಡೆದರು. ಅಂದು ನಾವು ಬೇಗ ತಿರುಗಿ ಬಂದೆವು.

ಹಿಂಗಾರಿ ಬಿತ್ತನೆಯ ಹೊತ್ತಿಗೇ ಸುಮಾಗೆ ಲಕ್ಷ್ಮೇಶ್ವರದಿಂದ ಸಂಬಂಧ ಕೂಡಿಬಂದಿತ್ತು, ಸೊಸೆಯ ಫ್ಯಾನ್ ಕೆಲಸದ ಸುದ್ದಿಯನ್ನು ಅತ್ತೆ ಅವರಿಗೂ ಮುಟ್ಟಿಸಿದ್ದರು. ಹುಡುಗ ಅಲ್ಲೇ ಔಷಧದ ಅಂಗಡಿಯಲ್ಲಿದ್ದ, ಸುಮಾಗೂ ಮನಸ್ಸಿಗೆ ಬಂದಿದ್ದ. ಫೋನಿನಲ್ಲಿ ಮಾತಾಡುತ್ತಾ ಮಗ್ಗದ ಕೋಣೆಯಲ್ಲಿ ಓಡಾಡುವ ಅವಳ ಗೆಜ್ಜೆಯ ಸದ್ದು ಇಡೀ ಮನೆಗೆ ಕೇಳುತ್ತಿತ್ತು. ನಿಶ್ಚಯಕ್ಕೆ ಮೊದಲು ಎಳ್ಳ ಅಮಾವಾಸ್ಯೆಗೆ ತಮ್ಮ ಹೊಲಕ್ಕೆ ಚರಗಕ್ಕೆ ಬನ್ನಿ ಎಂದು ಬೀಗರಾಗುವವರು ಕರೆ ಕಳಿಸಿದರು. ಹೊಲ ಶಿರಹಟ್ಟಿ ಕಡೆ, ಗುಡ್ಡದ ಬುಡದಲ್ಲಿ. ಅಂದು ಬೆಳೆಗೆ ಉಣಬಡಿಸುವ ದಿನ. ಬುತ್ತಿಯ ಒಂದು ಪಾಲನ್ನು ಹೊಲದ ಸುತ್ತ ಚೆಲ್ಲಿ ಆಮೇಲೆ ಜನ ಉಣ್ಣಬೇಕು. ಬಾಯಿ ಬಿಟ್ಟೀಯೇ ಜೋಕೆ ಎಂದು ಅತ್ತೆ ನನಗೆ ಮುಂಚಿನ ದಿನವೇ ಹೇಳಿಟ್ಟಿದ್ದರು. ಬ್ಯಾಗನ್ನೂ ಮರೆಯಬಾರದಿತ್ತು.

ಅದರ ಹಿಂದಿನ ಗುರುವಾರ ಮೇಡಂಗೆ ಎಲ್ಲವನ್ನೂ ಹೇಳಿಕೊಂಡೆ. ಬೀಗರಿಗೆ ನಿಜ ಹೇಳಿ ಅಂತಲೋ ಬೇಡ ಅಂತಲೋ ಅವರು ಒಂದು ಮಾತು ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಹೇಳಲಿಲ್ಲ. ಸುಮಾಳ ಬದುಕು ಸುಮಾಳದು, ನಿಮ್ಮ ಬ್ಯಾನಿ ನಿಮ್ಮದು, ಎರಡಕ್ಕೂ ಗಂಟು ಹಾಕಿದವರು ಯಾರು ಎಂದು ಯೋಚಿಸಿ ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು. ಮನೆಗೆ ಹೋಗಿ ರೊಟ್ಟಿ ಬಡಿಯುವಾಗ ಆ ಸಿಟ್ಟೆಲ್ಲ ಹಿಟ್ಟಿನ ಮೇಲೆ ತೀರಿತು. ಎಷ್ಟೋ ತಿಂಗಳ ಮೇಲೆ ಬಂದ ಸಿಟ್ಟು ಅದು, ಒಳಗೊಳಗೆ ಖುಷಿಯೂ ಆಯಿತು.

ಅಮಾವಾಸ್ಯೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಎದೆಯೆತ್ತರದ ಜೋಳ, ನಡುನಡುವೆ ಕುಸುಬೆ, ಕಡಲೆ. ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೂರಿಸಿದ್ದರು. ಬುತ್ತಿಯ ಬುಟ್ಟಿಗಳಿಂದ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ, ಶೇಂಗಾ ಹೋಳಿಗೆಯ ಪರಿಮಳ. ಹುಡುಗನ ತಂದೆ ಈರಪ್ಪ ಕಾಕಾ ಸಾಧು ಮನುಷ್ಯ. ಪೂಜೆಗೆ ಮೊದಲು, ಒಂದು ನಿಮಿಷ ಈ ಕಡೆ ಬರ್ರಿ ಎಂದು ನನ್ನನ್ನು ಕರೆದರು. ಎಲ್ಲರೂ ಹಿಂದೆ ಬಂದರು. ಜೋಳದ ಸಾಲು ದಾಟಿ ಹೊಲದ ಎತ್ತರದ ತುದಿಗೆ ಹೋದರೆ, ಅಲ್ಲಿ ಹಸಿರಿನ ನಡುವೆ ಒಂದು ತುಂಡು ನೆಲ ಕರ್ರಗೆ ಬರಿದಾಗಿ ಬಿದ್ದಿತ್ತು.

"ಇದ ನೋಡ್ರಿ," ಎಂದರು ಈರಪ್ಪ ಕಾಕಾ. "ನಿಮ್ಮ ಫ್ಯಾನಿಗೆ ಅಂತ ಈ ದಿಬ್ಬ ಬಿತ್ತದ ಹಂಗ ಬಿಟ್ಟೀನಿ. ಗಾಳಿ ಹೆಂಗ ಐತಿ ಹೇಳ್ರಿ."

ಗಾಳಿ ಚೆನ್ನಾಗಿಯೇ ಇತ್ತು, ನನ್ನ ಸೆರಗು ನಿಲ್ಲುತ್ತಿರಲಿಲ್ಲ. ನಾನು ಆ ನೆಲವನ್ನೇ ನೋಡುತ್ತಿದ್ದೆ. ಒಳ್ಳೆಯ ಎರೆಮಣ್ಣು, ಹಿಡಿದರೆ ಕೈಗೆ ಅಂಟುವಂಥದ್ದು. ಹಿಂಗಾರಿ ಹದ ಮತ್ತೆ ಬರುವುದು ಬರುವ ವರ್ಷಕ್ಕೆ. ನಮ್ಮ ಮನೆಯ ಮರ್ಯಾದೆ ಉಳಿಸಲು ಹೇಳಿದ ಸುಳ್ಳು ಇಲ್ಲಿ ಬಂದು ಒಬ್ಬ ರೈತನ ನೆಲವನ್ನು ಬೀಳು ಕೆಡವಿತ್ತು. ಅಲ್ಲಿಯವರೆಗೆ ನಾನು ಬಾಯಿ ಬಿಡಬೇಕೋ ಬೇಡವೋ ಎಂದು ತೂಗುತ್ತಲೇ ಇದ್ದೆ. ಆ ಕರಿ ಚೌಕ ನೋಡಿದ ಮೇಲೆ ತೂಗಲು ಏನೂ ಉಳಿಯಲಿಲ್ಲ. ಭುಜದ ಬ್ಯಾಗು ತೆಗೆದು ಆ ದಿಬ್ಬದ ಮೇಲಿಟ್ಟೆ.

"ಕಾಕಾರ, ಇದನ್ನ ನೀವು ಬಿತ್ತಬೇಕಾಗಿತ್ತು," ಎಂದೆ. "ನಾ ಫ್ಯಾನ್ ಕಂಪನಿಯಾಕಿ ಅಲ್ಲ. ಮಳಿಗಾಲದಾಗ ನನಗ ಮನಸ್ಸಿನ ಬ್ಯಾನಿ ಆಗಿತ್ತು. ಗುಳಿಗಿ ತಗೋತೀನಿ. ವಾರಕ್ಕೊಮ್ಮೆ ಒಬ್ಬ ಮೇಡಂ ಜೋಡಿ ಹೊಲದಾಗ ಅಡ್ಡಾಡಕೋತ ಮಾತಾಡ್ತೀನಿ. ಅದೂ ನನ್ನ ಔಷಧನ."

ಅತ್ತೆ ನನ್ನ ರಟ್ಟೆ ಹಿಡಿದು ಜಗ್ಗಿದರು. ಆಗ ಬಸವರಾಜರು, ಮದುವೆಯಾದಾಗಿನಿಂದ ತಾಯಿಗೆ ಎದುರು ಮಾತಾಡದ ನನ್ನ ಗಂಡ, "ಹೇಳಲಿ ಬಿಡವ್ವಾ," ಎಂದರು. ಅಷ್ಟು ಸಾಕಾಗಿತ್ತು ನನಗೆ.

ಈರಪ್ಪ ಕಾಕಾ ಗುಡ್ಡದ ಕಡೆ ನೋಡಿ, "ಹಂಗಾರ ಫ್ಯಾನ್ ಬರೂದ ಇಲ್ಲೇನ್ರಿ?" ಎಂದು ಕೇಳಿದರು. ಅವರ ಹೆಂಡತಿಯ ಚಿಂತೆ ಬೇರೆ ಇತ್ತು. ಇಂಥದ್ದು ವಂಶದಲ್ಲಿ ಇಳಿದು ಬರುತ್ತದಂತಲ್ಲ ಎಂದು ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಅಂದರು. ವಂಶ ನೋಡುವುದಿದ್ದರೆ ನನ್ನ ತವರಿಗೆ ಹೋಗಬೇಕಾಗುತ್ತದೆ, ಸುಮಾ ಈ ಮನೆ ಮಗಳು, ನಾನು ಸೊಸೆ ಎಂದುಬಿಟ್ಟೆ. ಅಂದ ಮರುಕ್ಷಣವೇ ಆ ಮಾತು ನನಗೆ ಸೇರಲಿಲ್ಲ. ನನ್ನ ತವರು ಮಾಡಿದ ತಪ್ಪೇನು? ಯಾರ ವಂಶದಲ್ಲಿ ಬಂದರೂ ಅದು ಬ್ಯಾನಿ, ಕಳ್ಳತನವಲ್ಲ. ಅದನ್ನೂ ಹೇಳಿದೆ. ಸುಮಾ ತಲೆ ಬಗ್ಗಿಸಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಮಾತ್ರ ನನಗಾಗಲಿಲ್ಲ.

ಚರಗ ನಿಲ್ಲಿಸುವಂತಿಲ್ಲ. ಈರಪ್ಪ ಕಾಕಾ ಬುಟ್ಟಿ ಹಿಡಿದು, "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕುತ್ತಾ ಹೊಲದ ಸುತ್ತ ಚೆಲ್ಲುತ್ತಾ ಹೊರಟರು. ದಿಬ್ಬಕ್ಕೆ ಬಂದಾಗ ನಿಂತರು. ಬೆಳೆಯಿಲ್ಲದ ಕಡೆ ಚೆಲ್ಲುವ ರೂಢಿಯಿಲ್ಲ. ಆದರೂ ಒಂದು ಬೊಗಸೆ ತುಂಬ ತೆಗೆದು ಆ ಬರಿನೆಲದ ಮೇಲೆ ಚೆಲ್ಲಿ ಮುಂದೆ ಹೋದರು. ಅದು ನನ್ನ ಮೇಲಿನ ಸಿಟ್ಟೋ ಕರುಣೆಯೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಎಲ್ಲರೂ ಬನ್ನಿಗಿಡದ ಕೆಳಗೆ ಕೂತು ಉಂಡೆವು.

ಕೆಲವು ದಿನಕ್ಕೆ ಲಕ್ಷ್ಮೇಶ್ವರದಿಂದ, ಈ ಸಂಬಂಧ ನಮಗೆ ಒಗ್ಗುವುದಿಲ್ಲ ಎಂಬ ಮಾತು ಬಂತು. ಮಗ್ಗದ ಕೋಣೆಯಲ್ಲಿ ಗೆಜ್ಜೆಯ ಸದ್ದು ನಿಂತಿತು. ಅತ್ತೆ ನನ್ನ ಜೊತೆ ಮಾತು ಬಿಟ್ಟರು, ರೊಟ್ಟಿಯನ್ನು ಮಾತ್ರ ತಟ್ಟೆಗೆ ತಪ್ಪದೆ ಹಾಕುತ್ತಿದ್ದರು. ಸುಮಾ ಹತ್ತಿರ ಹೋಗಿ, ನಿನಗೆ ಮೊದಲೇ ಹೇಳಬೇಕಾಗಿತ್ತು ಎಂದೆ. ಹೌದು, ಹೇಳಬೇಕಾಗಿತ್ತು ಎಂದಳು. ಬಹಳ ಅತ್ತಳು, ನಾನೂ ಅತ್ತೆ. ಕಡೆಗೆ ಮೂಗು ಒರೆಸಿಕೊಂಡು, "ಔಷಧದ ಅಂಗಡ್ಯಾಗ ಕುಂಡ್ರಾಂವಗ ಗುಳಿಗಿ ನುಂಗಾವ್ರ ಬ್ಯಾಡಾದ್ರು ನೋಡ್ರಿ ವೈನಿ," ಎಂದಳು. ಅಳುವಿನ ನಡುವೆಯೇ ಇಬ್ಬರಿಗೂ ನಗು ಬಂತು. ಎರಡು ವರ್ಷದ ಮೇಲೆ ಅವಳ ಮದುವೆ ಬೇರೆ ಕಡೆ ಆಯಿತು. ಮಾತುಕತೆಗೆ ಬಂದ ದಿನವೇ ನನ್ನ ವಿಷಯವನ್ನು ಅವಳೇ ಅವರಿಗೆ ಹೇಳಿದ್ದಳು. ಲಗ್ನಪತ್ರಿಕೆ ನಾನೇ ಟೈಪ್ ಮಾಡಿದೆ, 'ಆಶೀರ್ವದಿಸಬೇಕೆಂದು' ಎಂಬಲ್ಲಿ ಕೈ ನಿಲ್ಲಲಿಲ್ಲ. ನನ್ನ ಬ್ಯಾನಿ ಆಮೇಲೂ ಒಮ್ಮೆ ಮರಳಿ ಬಂತು. ಬಂದಾಗ ಯಾರನ್ನೂ ಕೇಳದೆ ಮೇಡಂ ಹತ್ತಿರ ಹೋದೆ. ಹೊಲದಲ್ಲಿ ಆಡಿದ ಮಾತಿಗೆ ನನಗೆ ಅಂದೂ ಪಶ್ಚಾತ್ತಾಪವಿರಲಿಲ್ಲ, ಇಂದೂ ಇಲ್ಲ.

ಆದರೆ ಸೀತನಿಯ ವಾಸನೆ ಬಂದರೆ ನನಗೆ ನೆನಪಾಗುವುದು ಆ ಹೊಲವಲ್ಲ. ಸಂಬಂಧ ಮುರಿದ ಮೇಲಿನ ಮೊದಲ ಗುರುವಾರ. ಓಣಿಯಲ್ಲಿ ಯಾರೋ ಹೊಲದಿಂದ ತೆನೆ ತಂದು ಮನೆಮುಂದೆಯೇ ಸುಡುತ್ತಿದ್ದರು. ಹೆಂಗಸರೆಲ್ಲ ಕಟ್ಟೆಯ ಮೇಲೆ ಸೇರಿದ್ದರು. ಅತ್ತೆ ಆ ದಿನ ದಿಬ್ಬದಿಂದ ತಾವೇ ಎತ್ತಿ ತಂದಿದ್ದ ಕರಿ ಬ್ಯಾಗಿನಿಂದ ಹಳೆ ಪೇಪರು ಕೊಡವಿ, ಅದನ್ನು ಹಿಡಿದು ಕಾಯಿಪಲ್ಲೆಗೆ ಹೊರಟು ನಿಂತಿದ್ದರು. ನಾನು ಎರಡೂ ಕೈ ಬೀಸಿಕೊಂಡು ಮೆಟ್ಟಿಲಿಳಿದೆ. ಸುಮಾ ಹಿಂದೆಯೇ ಓಡಿ ಬಂದು ಚಪ್ಪಲಿ ಮೆಟ್ಟಿಕೊಂಡು, ಗುಡ್ಡದವರೆಗೆ ಅಲ್ಲದಿದ್ದರೆ ಮೇಡಂ ಬಾಗಿಲವರೆಗಾದರೂ ಬರುತ್ತೇನೆ ಎಂದಳು. ಕಟ್ಟೆಯ ಮೇಲಿದ್ದ ಶಾಂತವ್ವ ಎಂಬಾಕೆಗೆ ಇಂಥ ಹೊತ್ತಿಗೇ ಕಾದಿದ್ದಂತೆ ಬಾಯಿ ತುರಿಸಿತು. ನಮ್ಮನ್ನು ಬಿಟ್ಟು ಅತ್ತೆಯನ್ನೇ ಕೇಳಿದಳು, ಅತ್ತಿಗೆ ನಾದಿನಿ ಕೈ ಬೀಸಿಕೊಂಡು ಎಲ್ಲಿಗೆ, ಫ್ಯಾನ್ ಕಂಪನಿಗೇನು ಎಂದು. ಕಟ್ಟೆಯ ಮೇಲಿನವರೆಲ್ಲ ಮುಸಿಮುಸಿ ನಕ್ಕರು.

ನಾನು ಉತ್ತರ ಕೊಡಲು ತಿರುಗಿದೆ. ಅಷ್ಟರಲ್ಲಿ ಅತ್ತೆ ಬ್ಯಾಗನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಶಾಂತವ್ವನ ಎದುರಿಗೆ ಹೋಗಿ ನಿಂತರು.

"ನನ್ನ ಸೊಸಿ ಮನಸ್ಸಿನ ಡಾಕ್ಟರ ಕಡೆ ಹೊಂಟಾಳ," ಎಂದರು. "ನಿಂದೇನ ಗಂಟ ಹೋತು?"

ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಸಂತೆಯ ದಾರಿ ಹಿಡಿದರು.